ಮಾತೋಶ್ರೀಯವರ ಹುಬ್ಬು

ನನ್ನನ್ನು ಕುರ್ಚಿಯ ಮೇಲೆ ಕೂರಿಸುವ ಮೊದಲು ಕುರ್ಚಿಗೆ ಹಳೆಯ ಪೇಪರು ಹಾಸಿದರು. ಹಾಸಿದವನು ನಮ್ಮ ಮೇಸ್ತ್ರಿ. ಪೇಪರಿನ ಮೇಲೆ ಒಂದು ಬಿಳಿ ಹಾಸಿಗೆ ಬಟ್ಟೆ ಹಾಕಿದ. ಆ ಬಟ್ಟೆಯನ್ನು ಹಿಂದಿನ ದಿನ ಒಗೆದವಳು ನಾನೇ.

"ಸ್ನಾನ ಮಾಡ್ಕೊಂಡು ಬಂದಿದೀಯಾ?" ಎಂದು ಕೇಳಿದ.

"ಮಾಡಿದೀನಿ."

"ಸೋಪು ಹಚ್ಚಿ?"

"ಬೆಳಿಗ್ಗೆಯಿಂದ ಸಂಜೆ ತನಕ ಸೋಪಿನ ನೀರಲ್ಲೇ ನಿಂತಿರ್ತೀನಿ. ನಿಮಗಿಂತ ನಾನೇ ಚೊಕ್ಕ."

ಮೇಸ್ತ್ರಿ ನಗಲಿಲ್ಲ. ಕಿಟಕಿಯ ಹತ್ತಿರ ಪೆನ್ಸಿಲು ಕೆತ್ತುತ್ತಿದ್ದ ಚಿತ್ರಗಾರ ನಕ್ಕ. ನಕ್ಕು, ಮೇಸ್ತ್ರಿಯ ಮುಖ ನೋಡಿ, ನಗುವನ್ನು ಕೆಮ್ಮು ಮಾಡಿಕೊಂಡ. ಇವನೂ ಸಂಬಳ ಕೊಡುವವರ ಮುಖ ನೋಡಿ ನಗುವ ಗಿರಾಕಿಯೇ ಎಂದು ನನಗೆ ಆಗಲೇ ತಿಳಿಯಿತು.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವವಳು. ಆಸ್ಪತ್ರೆ ಐದು ಅಂತಸ್ತು. ಅದರ ಕೆಳಗೆ ನೆಲಮಾಳಿಗೆ, ಅಲ್ಲಿ ನಾವು. ಮೇಲೆ ಯಾರು ಹೆತ್ತರೂ, ಯಾರು ಸತ್ತರೂ, ಯಾರ ಹೊಟ್ಟೆ ಕೊಯ್ದರೂ ಅದರ ಗುರುತು ಕೆಳಗೆ ನಮ್ಮ ಹತ್ತಿರ ಬರುತ್ತದೆ. ರಕ್ತ, ಕೀವು, ವಾಂತಿ, ಔಷಧಿ. ರಕ್ತಕ್ಕೆ ಮೊದಲು ತಣ್ಣೀರು. ಬಿಸಿನೀರು ತಾಗಿಸಿದರೆ ಅದು ಬಟ್ಟೆಯಲ್ಲಿ ಕೂತುಬಿಡುತ್ತದೆ, ಜನ್ಮಕ್ಕೂ ಹೋಗುವುದಿಲ್ಲ. ಕೈಯಲ್ಲಿ ಉಜ್ಜಿ, ಯಂತ್ರಕ್ಕೆ ಹಾಕಿ, ಹಿಂಡಿ, ಹಬೆಯ ಇಸ್ತ್ರಿಗೆ ಕೊಡಬೇಕು. ಒದ್ದೆ ಬಟ್ಟೆಯ ಗಂಟು ಹೆಣದಷ್ಟು ಭಾರ. ಬೆರಳ ಸಂದಿಯಲ್ಲಿ ಚರ್ಮ ಬಿರಿದು ಬಿಳುಚಿಕೊಂಡಿರುತ್ತದೆ. ಬೇಳೆಯಲ್ಲಿ ಉಪ್ಪಿದೆಯೋ ಇಲ್ಲವೋ ಎಂದು ಬೆರಳು ಅದ್ದಿದರೆ ನಾಲಿಗೆಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಅಷ್ಟು ಉರಿ.

ಆಸ್ಪತ್ರೆ ದೊಡ್ಡ ಡಾಕ್ಟರದು. ತಮ್ಮ ತಾಯಿಯ ನೆನಪಿಗೆ ಕಟ್ಟಿಸಿದ್ದು ಎಂದು ಹೇಳುತ್ತಾರೆ. ಎಲ್ಲರೂ ಆ ತಾಯಿಯನ್ನು ಮಾತೋಶ್ರೀಯವರು ಎನ್ನಬೇಕು. ನೋಡಿದವರು ಯಾರೂ ಇಲ್ಲ, ಆದರೂ ಅನ್ನಬೇಕು. ಮುಂದಿನ ಹಜಾರಕ್ಕೆ ಹೊಸ ಕಲ್ಲು ಹಾಸಿದ ಮೇಲೆ ಅಲ್ಲಿ ಮಾತೋಶ್ರೀಯವರ ದೊಡ್ಡ ಬಣ್ಣದ ಚಿತ್ರ ಇರಬೇಕು ಎಂದು ದೊಡ್ಡ ಡಾಕ್ಟರಿಗೆ ಅನ್ನಿಸಿತು. ಇದ್ದದ್ದು ಹೆಬ್ಬೆರಳಿನಷ್ಟು ಒಂದು ಫೋಟೋ, ಅದೂ ಮಾಸಿದ್ದು. ಅದರಲ್ಲಿ ಎರಡು ಕಣ್ಣು, ಒಂದು ಮೂಗು ಇವೆ ಎಂದು ನಂಬಬೇಕು, ಅಷ್ಟೇ. ಚಿತ್ರಗಾರ ಕೈ ಚೆಲ್ಲಿದನಂತೆ. ಜೀವ ಇರುವ ಒಂದು ಮೈ ಮುಂದೆ ಕೂರದಿದ್ದರೆ ಕತ್ತು, ಭುಜ, ಹೊದ್ದ ಶಾಲು ಯಾವುದೂ ಬರುವುದಿಲ್ಲ ಎಂದನಂತೆ. ದೊಡ್ಡ ಡಾಕ್ಟರ ಮನೆಯ ಹೆಂಗಸರಿಗೆ ಪುರುಸೊತ್ತಿಲ್ಲ. ಮೇಲಿನ ಅಂತಸ್ತಿನವರಿಗೆ ಕೆಲಸವಿದೆ. ಕೆಲಸವಿಲ್ಲದವರು ನೆಲಮಾಳಿಗೆಯ ನಾವೇ ಎಂದು ತೀರ್ಮಾನವಾಯಿತು.

ಚಿತ್ರಗಾರ ಕೆಳಗೆ ಬಂದು, ಹಬೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ, ನಮ್ಮ ಮಧ್ಯೆ ನಡೆದಾಡಿ ನನ್ನ ಕಡೆ ಬೆರಳು ತೋರಿಸಿದ.

"ಈ ಕತ್ತು," ಅಂದ.

ನಮ್ಮಲ್ಲಿ ವಯಸ್ಸಾದವಳು ಒಬ್ಬಳಿದ್ದಾಳೆ. ಅವಳ ಬಾಯಿಗೆ ಹೆದರಿ ಎಲ್ಲರೂ ಬಾಯಿಬಡಕಿ ಎನ್ನುತ್ತೇವೆ, ಅವಳೂ ಓಗೊಡುತ್ತಾಳೆ. ಅವಳು ಹೇಳಿದಳು: "ಹೋಗಿ ಕತ್ತು ಕೊಟ್ಟು ಬಾ ಕಣೆ. ತಲೆ ಮಾತ್ರ ವಾಪಸ್ ತಗೊಂಡು ಬಾ."

ಎಲ್ಲರೂ ನಕ್ಕರು. ನನ್ನ ಪಾಲಿನ ಬಟ್ಟೆ ತಮ್ಮ ತಲೆಗೆ ಬೀಳುತ್ತದೆ ಎಂದು ತಿಳಿದಾಗ ಯಾರೂ ನಗಲಿಲ್ಲ.

ಅಲುಗದೆ ಕೂರುವುದು ಸುಖ ಎಂದು ತಿಳಿದವರು ಒಂದು ದಿನ ಕೂತು ನೋಡಬೇಕು. ನಿಂತು ನಿಂತು ಗಂಟು ಕಟ್ಟಿದ ಕಾಲು ಕೂತ ಕೂಡಲೇ ಸೆಳೆಯಲು ಶುರುವಾಯಿತು. ಕತ್ತು ಎಡಕ್ಕೆ, ಗದ್ದ ಮೇಲಕ್ಕೆ, ಭುಜ ಕೆಳಕ್ಕೆ. ಮೂಗಿನ ಮೇಲೆ ನೊಣ ಕೂತರೂ ಹಾಗೇ ಇರಬೇಕು. ಮಾತೋಶ್ರೀಯವರ ಹಸಿರು ರೇಷ್ಮೆಯ ಶಾಲು ಹೊದಿಸಿದ್ದರು. ಶಾಲಿನ ಅಂಚು ನನ್ನ ಬೆರಳಿನ ಬಿರುಕಿಗೆ ಸಿಕ್ಕಿ ದಾರ ಎಳೆಯಿತು. ಮೇಸ್ತ್ರಿ ಹೌಹಾರಿದ.

"ಕೈ ಒಳಗಿಡು. ಆ ಕೈ ಯಾರಿಗೆ ಬೇಕು?"

"ಕೈ ಬೇರೆ ಯಾರದಾದರೂ ನೋಡಿ ಬರೀತೀನಿ," ಅಂದ ಚಿತ್ರಗಾರ, ನನ್ನನ್ನು ಸಮಾಧಾನ ಮಾಡುವವನಂತೆ. ನನಗೆ ಸಮಾಧಾನ ಆಗಲಿಲ್ಲ.

ಕತ್ತು ಬರೆಯಲು ಕರೆಸಿದವನು ಕತ್ತು ಬರೆಯಲೇ ಇಲ್ಲ. ಮೊದಲು ನನ್ನ ಮುಖ ಬರೆದ. ಒಂದು ಹಾಳೆ ಆಯಿತು, ಇನ್ನೊಂದು ತೆಗೆದ. ಎದುರಿನಿಂದ, ಪಕ್ಕದಿಂದ, ತಲೆ ತಗ್ಗಿಸಿದಾಗ. ಬರೆದದ್ದನ್ನೆಲ್ಲ ಗೋಡೆಗೆ ಸಿಕ್ಕಿಸಿದ. ಯಾಕೆ ಎಂದು ಕೇಳಿದೆ.

"ಅದು ನನ್ನ ಅಭ್ಯಾಸ ಅಮ್ಮಾ. ಎದುರಿಗೆ ಕೂತೋರ ಮುಖ ಮೊದಲು ಕೈಗೆ ಬರಬೇಕು. ಮುಖ ಗೊತ್ತಾಗದೆ ಇದ್ರೆ ಭುಜ ಬರೆಯೋಕಾಗಲ್ಲ. ಗುರುತಿಲ್ಲದ ಮನೇಲಿ ಕತ್ತಲಲ್ಲಿ ತಡವರಿಸಿದ ಹಾಗಾಗುತ್ತೆ."

ನಮ್ಮನ್ನು ಯಾರೂ ಅಷ್ಟು ಹೊತ್ತು ನೋಡುವುದಿಲ್ಲ. ಮೇಸ್ತ್ರಿ ಬಟ್ಟೆ ನೋಡುತ್ತಾನೆ. ಮೇಲಿನ ನರ್ಸುಗಳು ಗಂಟು ಎಲ್ಲಿ ಇಟ್ಟೆವು ಎಂದು ನೋಡುತ್ತಾರೆ. ಗೋಡೆಯ ಮೇಲಿನ ಆ ಹೆಂಗಸನ್ನು ನಾನು ದಿಟ್ಟಿಸಿ ನೋಡಿದೆ. ಕಣ್ಣಿನ ಕೆಳಗೆ ಕಪ್ಪು. ದವಡೆಯ ಮೇಲೆ ಇಸ್ತ್ರಿಯ ಸುಟ್ಟ ಗಾಯ. ಬಾಯಿ ಯಾರಿಗೋ ಬೈಯಲು ತಯಾರಾಗಿ ನಿಂತ ಹಾಗೆ. ಅವಳ ಮುಖದಲ್ಲಿ ಇನ್ನೊಂದು ಮುಖ ಇತ್ತು. ನನ್ನ ತಂಗಿಯದು.

ಚಿಕ್ಕವರಿದ್ದಾಗ ನಮ್ಮಿಬ್ಬರನ್ನು ನೋಡಿದವರೆಲ್ಲ ಒಂದೇ ಅಚ್ಚು ಎನ್ನುತ್ತಿದ್ದರು. ಅವಳ ಕೆನ್ನೆ ತುಂಬಿಕೊಂಡಿತ್ತು, ನನ್ನದು ಒಳಗೆ ಹೋಗಿತ್ತು. ಅವಳ ಎಡಹುಬ್ಬು ಸ್ವಲ್ಪ ಮೇಲೆ, ಯಾವಾಗಲೂ ಏನೋ ಕೇಳಲು ಹೊರಟ ಹಾಗೆ. ಅವ್ವ ಹೇಳುತ್ತಿದ್ದಳು, ಇವಳು ಹುಟ್ಟುವಾಗಲೇ ಪ್ರಶ್ನೆ ಹಾಕಿಕೊಂಡು ಬಂದವಳು ಎಂದು.

ಅವಳೂ ನೆಲಮಾಳಿಗೆಯಲ್ಲೇ ಕೆಲಸಕ್ಕಿದ್ದಳು, ಹಬೆಯ ಇಸ್ತ್ರಿಯ ಹತ್ತಿರ. ಅಲ್ಲಿಗೆ ಹಬೆ ತರುವ ಕೊಳವೆ ಸೀಳಿತ್ತು. ಅವಳೇ ಹೋಗಿ ಮೇಸ್ತ್ರಿಗೆ ಹೇಳಿದಳು. ಬಟ್ಟೆ ಸುತ್ತು ಅಂದ. ಸುತ್ತಿದಳು. ಮತ್ತೆ ಹೇಳಿದಳು. ಇನ್ನೊಂದು ಬಟ್ಟೆ ಸುತ್ತು ಅಂದ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾತಿ ಅವನದು. ಕೊಳವೆ ಒಡೆದಾಗ ಅವಳು ಅದರ ಎದುರಿಗೇ ಇದ್ದಳು. ಮುಖ, ಎದೆ, ಎರಡು ಕೈ ಬೆಂದುಹೋದವು.

ಒದ್ದೆ ಬಟ್ಟೆಯಲ್ಲಿ ಸುತ್ತಿ ನಾವೇ ಎತ್ತಿಕೊಂಡು ಮೇಲೆ ಓಡಿದೆವು. ತುರ್ತು ಚಿಕಿತ್ಸೆಯ ಕೋಣೆ ಹತ್ತಿರವೇ ಇದೆ. ಮಂಚ ಖಾಲಿ ಇತ್ತು, ನಾನು ಕಣ್ಣಾರೆ ನೋಡಿದೆ. ಮಂಚದ ಮೇಲಿನ ಬಟ್ಟೆ ನಾವೇ ಒಗೆದದ್ದು. ಬಾಗಿಲಲ್ಲಿದ್ದವರು ಮೇಲೆ ಯಾರಿಗೋ ಫೋನ್ ಮಾಡಿದರು. ಕೆಲಸದವರಿಗೆ ಇಲ್ಲಿ ಚಿಕಿತ್ಸೆ ಇಲ್ಲ, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಆಂಬುಲೆನ್ಸ್ ರೋಗಿಗಳಿಗೆ ಎಂದರು. ಹಿಂದಿನ ಬಾಗಿಲಿನಿಂದ, ಕೊಳೆ ಬಟ್ಟೆ ಸಾಗಿಸುವ ವ್ಯಾನಿನಲ್ಲಿ ಅವಳನ್ನು ಮಲಗಿಸಿದೆವು. ಅಕ್ಕ, ನೀರು ಎಂದಳು. ಊರು ದಾಟುವ ಮೊದಲೇ ಸುಮ್ಮನಾದಳು. ಐದು ಅಂತಸ್ತು ಡಾಕ್ಟರುಗಳು ತಲೆಯ ಮೇಲಿದ್ದಾಗ ನನ್ನ ತಂಗಿ ಕೊಳೆ ಬಟ್ಟೆಯ ಮಧ್ಯೆ ಸತ್ತಳು. ಇದನ್ನು ಇನ್ನು ಹೇಗೆ ಹೇಳಬೇಕೋ ನನಗೆ ಗೊತ್ತಿಲ್ಲ.

ಮೂರನೆಯ ದಿನ ಮೇಸ್ತ್ರಿ ಮನೆಗೆ ಬಂದ. ಸಂತಾಪ ಹೇಳಲು ಎಂದುಕೊಂಡೆ. ಅವಳ ಗೇಟ್ ಪಾಸು ಕೇಳಿದ. ಪಾಸು ಆಸ್ಪತ್ರೆಯದು, ವಾಪಸ್ ಕೊಡಬೇಕು ಅಂದ. ಅವಳ ಫೋಟೋ ಎಂದು ಇದ್ದದ್ದು ಆ ಪಾಸಿನ ಮೇಲೆ ಒಂದೇ. ಮದುವೆಯಲ್ಲಿ ಫೋಟೋ ತೆಗೆಸಲು ಅವಳು ನಾಲ್ಕು ಜನರ ಎದುರಿಗೆ ಮದುವೆಯಾದವಳಲ್ಲ. ಕಟ್ಟಿಕೊಂಡವನು ಮಗು ಹುಟ್ಟಿದ ವರ್ಷವೇ ಯಾವುದೋ ಹಡಗು ಹತ್ತಿದ, ಅವನ ಸುದ್ದಿಯೇ ಇಲ್ಲ. ಫೋಟೋ ಒಂದು ಕಿತ್ತುಕೊಡಿ ಎಂದು ಮೇಸ್ತ್ರಿಯ ಕಾಲು ಹಿಡಿದೆ. ಆಗಲ್ಲ ಅಂದ. ಆಮೇಲೆ ವಿಚಾರಿಸಲು ಹೋದಾಗ ಅಂಥ ಹೆಂಗಸು ಇಲ್ಲಿ ಕೆಲಸಕ್ಕೇ ಇರಲಿಲ್ಲ ಎಂದರು. ಕೈ ತೊಳೆದುಕೊಳ್ಳುವುದು ಡಾಕ್ಟರುಗಳಿಗೆ ಯಾರೂ ಕಲಿಸಬೇಕಾಗಿಲ್ಲ.

ತಂಗಿಯ ಮಗಳು ನನ್ನ ಹತ್ತಿರ ಬೆಳೆಯುತ್ತಿದ್ದಾಳೆ. ಕೂಸು ಎನ್ನುತ್ತೇವೆ. ಅಮ್ಮ ಸತ್ತಾಗ ಅದಕ್ಕೆ ಮಾತು ಬಂದಿರಲಿಲ್ಲ. ಈಗ ಶಾಲೆಗೆ ಹೋಗುತ್ತಾಳೆ. "ದೊಡ್ಡಮ್ಮಾ, ಅಮ್ಮ ಹೆಂಗಿದ್ಲು?" ಎಂದು ಕೇಳುತ್ತಾಳೆ. ನನ್ನ ಹಾಗೆ ಎಂದರೆ ನನ್ನನ್ನು ನೋಡಿ ಮುಖ ಸಪ್ಪಗೆ ಮಾಡುತ್ತಾಳೆ. ತಪ್ಪು ಅವಳದಲ್ಲ. ನನ್ನನ್ನು ನೋಡಿದರೆ ಯಾವ ಮಗುವಿಗೂ ಅಮ್ಮ ಸಿಗುವುದಿಲ್ಲ.

ಇದನ್ನೆಲ್ಲ ಚಿತ್ರಗಾರನಿಗೆ ಹೇಳಲಿಲ್ಲ. ತಂಗಿ ಸತ್ತಳು, ಫೋಟೋ ಇಲ್ಲ ಎಂದೆ, ಅಷ್ಟೇ.

"ನನ್ನ ಮುಖ ನಿಮ್ಮ ಕೈಗೆ ಬಂದಿದೆ ಅಂತೀರಲ್ಲ ಸಾರ್. ಅದರಿಂದ ಅವಳನ್ನ ತೆಗೆದುಕೊಡಿ. ಆಗ ಗೊಂಬೆ ಹಾಗೆ ಕೂರ್ತೀನಿ. ಇಲ್ಲಾಂದ್ರೆ ನನಗೆ ಮೈ ನವೆ ಬರುತ್ತೆ, ಕೆಮ್ಮು ಬರುತ್ತೆ, ಏನೇನೋ ಬರುತ್ತೆ."

"ನೋಡದೇ ಇರೋ ಮುಖ ಬರೆಯೋದು ಹೇಗಮ್ಮಾ?"

"ಮಾತೋಶ್ರೀಯವರನ್ನ ನೀವು ನೋಡಿದೀರಾ?"

ಅವನು ಹೊಸ ಹಾಳೆ ತೆಗೆದ.

ಅವನು ಬರೆಯುವುದು, ನಾನು ಬೇಡ ಎನ್ನುವುದು. ಕೆನ್ನೆ ಇನ್ನೂ ತುಂಬಬೇಕು. ಇಷ್ಟು ಬೇಡ, ಅವಳೇನು ಹೊಟ್ಟೆ ತುಂಬ ತಿಂದವಳಲ್ಲ. ಮೂಗು ಸರಿ. ಕಣ್ಣು ನನ್ನದೇ, ಆದರೆ ಸಿಟ್ಟು ತೆಗೀರಿ. ಸಿಟ್ಟು ಹೇಗೆ ತೆಗೆಯೋದು ಎಂದು ಅವನು ತಲೆ ಕೆರೆದುಕೊಂಡ. ರೆಪ್ಪೆಯ ಮೇಲೆ ರಬ್ಬರು ಆಡಿಸಿ ಒಂದು ಗೆರೆ ಇಳಿಸಿದ. ನಿಜವಾಗಿ ಸಿಟ್ಟು ಹೋಯಿತು. ಎಷ್ಟೋ ಹಾಳೆ ಕೆಟ್ಟವು. ಕೆಳಗೆ ಬಂದರೆ ಬಾಯಿಬಡಕಿ "ಮಹಾರಾಣಿ ಬಂದ್ಲು, ದಾರಿ ಬಿಡಿ" ಎನ್ನುವಳು. ಏನು ನಡೆಯುತ್ತಿದೆ ಎಂದು ಹೇಳಿದ ದಿನ ಮಾತ್ರ ನನ್ನ ಪಾಲಿನ ಗಂಟನ್ನು ಎಳೆದುಕೊಂಡು ತಾನೇ ಉಜ್ಜಿದಳು.

ಕೊನೆಗೆ ಹುಬ್ಬು. ಎಡಗಡೆಯದು ಮೇಲೆ, ಇನ್ನೂ ಒಂದು ಎಳೆ ಮೇಲೆ, ಸಾಕು ಎಂದೆ. ಅವನು ಪೆನ್ಸಿಲು ಎತ್ತಿದ. ಹಾಳೆಯಿಂದ ನನ್ನ ತಂಗಿ ನನ್ನನ್ನು ನೋಡಿದಳು. ಬೇಯದ ಮುಖ. ಏನೋ ಕೇಳಲು ಹೊರಟ ಮುಖ. ಕುರ್ಚಿಯಿಂದ ಎದ್ದು ನೆಲದ ಮೇಲೆ ಕೂತು ಬಾಯಿಗೆ ಶಾಲು ಒತ್ತಿಕೊಂಡು ಅತ್ತೆ. ಮಾತೋಶ್ರೀಯವರ ಶಾಲಿಗೆ ನನ್ನ ಸಿಂಬಳ ಹತ್ತಿತು.

ಈಗಲೇ ಕೊಡಿ ಎಂದೆ. ಗೇಟಿನಲ್ಲಿ ನಮ್ಮ ಚೀಲ ಹುಡುಕುತ್ತಾರೆ, ಕಳ್ಳತನ ಎನ್ನುತ್ತಾರೆ, ದೊಡ್ಡ ಚಿತ್ರ ಮುಗಿಯಲಿ, ನಾನೇ ಮನೆಗೆ ತಂದುಕೊಡ್ತೀನಿ ಅಂದ. ಮಾತು ನಿಜವೇ. ಒಪ್ಪಿದೆ. ಅವನು ಆ ಹಾಳೆಯನ್ನು ದೊಡ್ಡ ಚಿತ್ರದ ಪಕ್ಕದಲ್ಲಿ, ಆ ಹೆಬ್ಬೆರಳಿನಷ್ಟು ಫೋಟೋದ ಪಕ್ಕದಲ್ಲಿ ಸಿಕ್ಕಿಸಿದ. ಕೂಸಿಗೆ ಆ ದಿನ ಹೇಳಿದೆ, ನಿನ್ನಮ್ಮ ಬರ್ತಾಳೆ, ಗೋಡೆಯಲ್ಲಿ ಜಾಗ ನೋಡಿ ಇಡು ಎಂದು. ಅವಳು ತನ್ನ ಹಾಸಿಗೆಯ ಎದುರಿನ ಮೊಳೆ ತೋರಿಸಿದಳು.

ಬಣ್ಣದ ಕೆಲಸ ಶುರುವಾಯಿತು. ನಾನು ಗೊಂಬೆಯ ಹಾಗೆ ಕೂತೆ. ಮಾತು ಕೊಟ್ಟಿದ್ದೆನಲ್ಲ. ಒಂದು ದಿನ ಕಾಲು ಜೋಮು ಹಿಡಿದು ಎದ್ದು, ಚಿತ್ರದ ಎದುರಿಗೆ ಬಂದು ನೋಡಿದೆ.

"ಸಾರ್, ಇದು ನನ್ನ ತಂಗಿ ಹುಬ್ಬು."

ಅವನು ಚಿತ್ರ ನೋಡಿದ. ಫೋಟೋ ನೋಡಿದ. ಪೆನ್ಸಿಲ್ಲಿನ ಹಾಳೆ ನೋಡಿದ. ಅವನ ಹಣೆ ಬೆವರಿತು. ಹುಬ್ಬು ಒಂದೇ ಅಲ್ಲ. ಕೆನ್ನೆ, ರೆಪ್ಪೆ, ಬಾಯಿ ಎಲ್ಲ ಅವಳದೇ. ಕೂದಲು ಮಾತ್ರ ಬೆಳ್ಳಗೆ, ವಯಸ್ಸಾದ ತಾಯಿಯ ಹಾಗೆ ಕಾಣಬೇಕು ಎಂದು ದೊಡ್ಡ ಡಾಕ್ಟರು ಹೇಳಿಕಳಿಸಿದ್ದರಂತೆ. ಎದುರಿಗಿದ್ದ ಫೋಟೋದಲ್ಲಿ ಮುಖವೇ ಇರಲಿಲ್ಲ. ಪಕ್ಕದಲ್ಲಿ ಮುಖ ಇತ್ತು. ಅವನ ಕೈ ಮುಖ ಇದ್ದ ಕಡೆಗೆ ಹೋಗಿತ್ತು.

"ಕೈ ತಪ್ಪಿದೆ," ಎಂದು ಮೆಲ್ಲಗೆ ಹೇಳಿದ. "ಈಗ ತಿದ್ದೋಕೆ ಆಗಲ್ಲ. ನಾಳೆ ನೋಡೋಕೆ ಬರ್ತಾರೆ. ಅಮ್ಮಾ, ದಯವಿಟ್ಟು ಯಾರಿಗೂ ಹೇಳಬೇಡಿ. ಇಂಥ ಕೆಲಸ ಇನ್ನೊಂದು ಸಿಗಲ್ಲ ನನಗೆ."

ಒಳಗೊಳಗೇ ನನಗೆ ಖುಷಿಯಾಯಿತು. ಇಲ್ಲವೆಂದರೆ ಸುಳ್ಳಾಗುತ್ತದೆ. ಖುಷಿಯ ಹಿಂದೆಯೇ ಹೊಟ್ಟೆ ಉರಿಯಿತು. ಬದುಕಿದ್ದಾಗ ಅವಳ ರಟ್ಟೆ ತಗೊಂಡರು. ಸಾಯುವಾಗ ಒಂದು ಮಂಚ ಕೊಡಲಿಲ್ಲ. ಈಗ ಹುಬ್ಬನ್ನೂ ತಗೊಂಡು ತಮ್ಮ ತಾಯಿಗೆ ಹಚ್ಚಿಕೊಳ್ಳುತ್ತಾರೆ. ಆದರೂ ಬಾಯಿ ಬಿಡಲಿಲ್ಲ. ನನಗೆ ಬೇಕಾಗಿದ್ದು ಆ ಒಂದು ಹಾಳೆ. ಅದು ಮನೆ ಸೇರಲಿ, ಮಿಕ್ಕದ್ದು ಹಾಳಾಗಿ ಹೋಗಲಿ ಎಂದುಕೊಂಡೆ.

ಮರುದಿನ ದೊಡ್ಡ ಡಾಕ್ಟರು ಬಂದರು. ಜೊತೆಗೆ ಅವರ ಮನೆಯವರು, ಆಸ್ಪತ್ರೆಯ ದೊಡ್ಡವರು, ಹಿಂದೆ ಮೇಸ್ತ್ರಿ. ಅವರ ಚಿಕ್ಕಮ್ಮನನ್ನು ಗಾಲಿಕುರ್ಚಿಯಲ್ಲಿ ತಂದಿದ್ದರು. ಮಾತೋಶ್ರೀಯವರ ಸ್ವಂತ ತಂಗಿ, ಬಹಳ ವಯಸ್ಸಾದವರು. ಅವರನ್ನು ಬಿಟ್ಟರೆ ಮಾತೋಶ್ರೀಯವರ ಮುಖ ನೆನಪಿದ್ದವರು ಯಾರೂ ಇರಲಿಲ್ಲ. ದೊಡ್ಡ ಡಾಕ್ಟರಿಗೂ ತಾಯಿ ಹೋದಾಗ ಬುದ್ಧಿ ತಿಳಿದಿರಲಿಲ್ಲವಂತೆ. ನನ್ನನ್ನು ಮೂಲೆಯಲ್ಲಿ ನಿಲ್ಲು ಎಂದಿದ್ದರು. ಬಟ್ಟೆ ಹೇಗೆ ಬಿದ್ದಿದೆ ಎಂದು ತೋರಿಸಬೇಕಾಗಿ ಬಂದರೆ ಶಾಲು ಹೊದ್ದು ತೋರಿಸಲು.

ಚಿತ್ರಗಾರ ಮುಸುಕು ತೆಗೆದ. ದೊಡ್ಡ ಡಾಕ್ಟರು ನೋಡಿದರು. ಕನ್ನಡಕ ತೆಗೆದರು.

"ಅಮ್ಮ," ಅಂದರು.

ಅಷ್ಟು ದೊಡ್ಡ ಮನುಷ್ಯ, ಎಲ್ಲರ ಎದುರಿಗೆ, ನನ್ನ ತಂಗಿಯ ಮುಂದೆ ನಿಂತು ಅತ್ತರು. ಎರಡು ಕೈ ಜೋಡಿಸಿದರು. ಸುತ್ತಲಿದ್ದವರೂ ಕರವಸ್ತ್ರ ತೆಗೆದರು. ಯಾರೋ ಒಬ್ಬರು, ಮಾತೋಶ್ರೀಯವರ ಕರುಣೆ ಕಣ್ಣಲ್ಲೇ ತುಂಬಿದೆ ಎಂದರು. ಅವಳು ಬೆಂದು ಬಂದು ಬಾಗಿಲಲ್ಲಿ ಮಲಗಿದ್ದಾಗ ಇವರಲ್ಲಿ ಒಬ್ಬರಾದರೂ ಅವಳ ಮುಖ ನೋಡಿದ್ದರೆ ಎಂದು ಅನ್ನಿಸಿತು.

ಚಿಕ್ಕಮ್ಮ ಮಾತ್ರ ಅಳಲಿಲ್ಲ. ದೊಡ್ಡ ಚಿತ್ರವನ್ನು ಬಹಳ ಹೊತ್ತು ನೋಡಿ ಪಕ್ಕದ ಹಾಳೆಯ ಕಡೆ ತಿರುಗಿದರು.

"ಇದೂ ಅಕ್ಕನೇ ಏನಪ್ಪಾ? ಹರೆಯದಲ್ಲಿ?"

ಚಿತ್ರಗಾರ ಕುಂಚ ಒರೆಸತೊಡಗಿದ.

"ಹೌದು ಚಿಕ್ಕಮ್ಮ, ಅಮ್ಮನೇ," ಅಂದರು ದೊಡ್ಡ ಡಾಕ್ಟರು. ಮೇಸ್ತ್ರಿಗೆ ಹೇಳಿದರು: "ಇದನ್ನೂ ಕಟ್ಟು ಹಾಕಿಸಿ. ನನ್ನ ಕೋಣೇಲಿ ಇರಲಿ."

ಮೇಸ್ತ್ರಿ ಕೈ ಚಾಚಿದ. ದೊಡ್ಡ ಚಿತ್ರ ಹೋದರೆ ಹೋಗಲಿ. ಆ ಹಾಳೆಯನ್ನೂ ಕೊಡಬೇಕೇ? ಮನೆಯಲ್ಲಿ ಒಂದು ಮೊಳೆ ಕಾಯುತ್ತಿತ್ತು.

"ಅದು ನಿಮ್ಮಕ್ಕ ಅಲ್ಲ ತಾಯೀ," ಎಂದೆ. "ಅದು ನನ್ನ ತಂಗಿ."

ಎಲ್ಲರೂ ಮೂಲೆಯ ಕಡೆ ತಿರುಗಿದರು. ಮೂಲೆಯಲ್ಲಿ ಒಬ್ಬಳು ಇದ್ದಾಳೆ ಎಂದು ಅವರಿಗೆ ಆಗ ಗೊತ್ತಾಯಿತು.

"ಯಾರಿವಳು?" ಅಂದರು ದೊಡ್ಡ ಡಾಕ್ಟರು.

"ಬಟ್ಟೆ ಒಗೆಯೋಳು ಸಾರ್. ಶಾಲು ಹೊದ್ದು ಕೂರೋಕೆ ಕರೆಸಿದ್ದು," ಅಂದ ಮೇಸ್ತ್ರಿ. ನನ್ನ ಕಡೆ ತಿರುಗಿ, "ಬಾಯಿ ಮುಚ್ಕೊಂಡು ಹೊರಗೆ ನಡಿ" ಅಂದ.

ದೊಡ್ಡ ಡಾಕ್ಟರು ಮತ್ತೆ ಹಾಳೆ ನೋಡಿದರು. ಮತ್ತೆ ದೊಡ್ಡ ಚಿತ್ರ ನೋಡಿದರು. ಕೊನೆಗೆ ನನ್ನನ್ನು ನೋಡಿದರು. ಅವರ ಮುಖ ಕೆಂಪಾಗುವುದು ಕಂಡಿತು. ಚಿತ್ರಗಾರನನ್ನು ಕೇಳಿದರು: "ಇವಳು ಹೇಳೋದು ನಿಜವಾ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವನು ಒಂದು ದಿನ ಯಾವುದಾದರೂ ಒಂದನ್ನು ಹೇಳಲೇಬೇಕಾಗುತ್ತದೆ. ಚಿತ್ರಗಾರ ನೆಲ ನೋಡಿಕೊಂಡು ಹೇಳಿದ:

"ಹಾಳೆ ಮೇಲಿರೋದು ಅವಳ ಕಡೆಯವರದು ಸಾರ್. ಕೈ ಅಭ್ಯಾಸಕ್ಕೆ ಬರೆದದ್ದು. ದೊಡ್ಡ ಚಿತ್ರ ಮಾತ್ರ ಫೋಟೋ ನೋಡಿಯೇ ಬರೆದಿದೀನಿ. ಅದು ನಿಮ್ಮ ತಾಯಿಯವರೇ."

ಚಿಕ್ಕಮ್ಮನ ಬಾಯಿ ತೆರೆಯಿತು, ಮುಚ್ಚಿಕೊಂಡಿತು. ದೊಡ್ಡ ಡಾಕ್ಟರು ಉಸಿರು ಬಿಟ್ಟರು. ಅವರಿಗೆ ನಂಬಬೇಕಾಗಿತ್ತು, ನಂಬಿದರು. ಎಲ್ಲರ ಎದುರಿಗೆ ಅತ್ತಾಗಿತ್ತಲ್ಲ.

"ಹಾಗಿದ್ರೆ ಆ ಹಾಳೆಗಳನ್ನ ಅಳಿಸಿ," ಅಂದರು. "ಅಮ್ಮನ ಪಕ್ಕದಲ್ಲಿ ಅಂಥದ್ದೆಲ್ಲ ಇರಬಾರದು. ನೋಡಿದೋರು ಏನೇನೋ ಮಾತಾಡ್ತಾರೆ."

ಮೇಸ್ತ್ರಿ ಮೇಜಿನ ಮೇಲಿದ್ದ ರಬ್ಬರು ತೆಗೆದು ನನ್ನ ಕೈಗೆ ತುರುಕಿದ.

"ಕೊಳೆ ತೆಗೆಯೋದು ನಿನ್ನ ಕೆಲಸ ತಾನೆ? ತೆಗಿ. ಎಲ್ಲರ ಎದುರಿಗೆ ತೆಗಿ."

ರಬ್ಬರು ಮೆತ್ತಗಿತ್ತು. ಅವಳ ಕಣ್ಣಿನ ಸಿಟ್ಟು ತೆಗೆದ ರಬ್ಬರು ಅದೇ. ನಾನು ಹಾಳೆಯ ಎದುರಿಗೆ ಹೋಗಿ ನಿಂತೆ. ಹುಟ್ಟಿದಾಗಿನಿಂದ ತೆಗಿ ಎಂದರೆ ತೆಗೆದವಳು. ಒಗಿ ಎಂದರೆ ಒಗೆದವಳು. ಪೇಪರಿನ ಮೇಲೆ ಕೂರು ಎಂದರೆ ಕೂತವಳು. ಅವಳನ್ನು ಹಿಂದಿನ ಬಾಗಿಲಿಗೆ ಹೊತ್ತುಕೊಂಡು ಹೋಗು ಎಂದಾಗ ಹೊತ್ತುಕೊಂಡೇ ಹೋದವಳು. ನನ್ನ ಕೈ ಮೇಲೆ ಎದ್ದಿತು, ಅಭ್ಯಾಸ ನೋಡಿ. ಅಲ್ಲೇ ನಿಂತಿತು.

"ತೆಗೆಯಲ್ಲ," ಎಂದೆ.

"ಏನಂದೆ?"

"ತೆಗೆಯಲ್ಲ. ಇವಳನ್ನ ಒಂದು ಸಲ ಅಳಿಸಿದೀರಿ. ಪಾಸು ಕಿತ್ಕೊಂಡಿರಿ, ಇಂಥೋಳು ಇರಲೇ ಇಲ್ಲ ಅಂದಿರಿ. ಇನ್ನೊಂದು ಸಲ ನನ್ನ ಕೈಯಿಂದ ಅಳಿಸೋದು ಬೇಡ." ದೊಡ್ಡ ಡಾಕ್ಟರ ಕಡೆ ತಿರುಗಿದೆ. "ನಿಮ್ಮ ನೆಲಮಾಳಿಗೇಲಿ ಬೆಂದು ಸತ್ತೋಳು ಸಾರ್ ಇವಳು. ಮೇಲೆ ಮಂಚ ಖಾಲಿ ಇತ್ತು. ಕೆಲಸದೋರಿಗೆ ಇಲ್ಲ ಅಂದ್ರು. ಕೊಳೆ ಬಟ್ಟೆ ವ್ಯಾನಲ್ಲಿ ಹಾಕಿದ್ವಿ. ನೀರು ಅಂತ ಕೇಳಿ ಸತ್ಲು. ನೀವು ಈಗ ಕೈ ಮುಗಿದ್ರಲ್ಲ, ಅದೂ ಅವಳಿಗೇ."

ದೊಡ್ಡ ಡಾಕ್ಟರು ನನ್ನನ್ನು ನೋಡಲಿಲ್ಲ. "ಈ ವಿಷಯ ನನ್ನ ಗಮನಕ್ಕೆ ಬಂದಿಲ್ಲ," ಅಂದರು. ಕನ್ನಡಕ ಹಾಕಿಕೊಂಡರು. ಗಾಲಿಕುರ್ಚಿಯನ್ನು ತಾವೇ ತಿರುಗಿಸಿ ಹೊರಗೆ ನಡೆದರು. ಮಿಕ್ಕವರು ಹಿಂದೆ ಹೋದರು.

ಮೇಸ್ತ್ರಿ ನನ್ನ ಕೈಯಿಂದ ರಬ್ಬರು ಕಿತ್ತುಕೊಂಡು ತಾನೇ ಉಜ್ಜಲು ಹೋದ. ಬಟ್ಟೆ ಉಜ್ಜಿಸಿ ಗೊತ್ತೇ ಹೊರತು ಉಜ್ಜಿ ಗೊತ್ತಿಲ್ಲ ಅವನಿಗೆ. ಹಾಳೆ ಮುದುಡಿತು. ಕೆನ್ನೆ ಮಸಿಯಾಯಿತು. ನಾನು ಅವನ ರಟ್ಟೆ ಹಿಡಿದು ಎಳೆದೆ, ಕಚ್ಚಿದೆ. ಅವನು ನನ್ನನ್ನು ಗೋಡೆಗೆ ನೂಕಿದ. ಹಾಳೆ ಪರಪರ ಹರಿಯಿತು. ಹರಿದದ್ದನ್ನು ಮತ್ತೆ ಹರಿದ. ಗೋಡೆಯ ಮೇಲಿದ್ದ ನನ್ನ ಮುಖಗಳನ್ನೂ ಕಿತ್ತ. ಚಿತ್ರಗಾರ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಬೆನ್ನು ನೋಡಿದರೆ ಅಳುತ್ತಿರಬೇಕು. ಅತ್ತರೆ ಅಳಲಿ. ಅವನ ಅಳುವಿನಿಂದ ನನಗೆ ಒಂದು ಹುಬ್ಬೂ ಬರಲಿಲ್ಲ.

ಆ ದಿನವೇ ನನ್ನ ಪಾಸೂ ಕಿತ್ತುಕೊಂಡರು. ಮನೆಗೆ ಬಂದೆ. ಕೂಸು ಬಾಗಿಲಲ್ಲೇ ನಿಂತಿದ್ದಳು.

"ಅಮ್ಮ ಎಲ್ಲಿ?" ಅಂದಳು.

ಒಲೆ ಹಚ್ಚಿದೆ, ಆರಿಸಿದೆ, ಮತ್ತೆ ಹಚ್ಚಿದೆ. ಅವಳು ಮೊಳೆಯನ್ನು ನೋಡುತ್ತ ಮಲಗಿಬಿಟ್ಟಳು.

ಆಮೇಲೆ ಮನೆಮನೆ ಅಲೆದು ಬಟ್ಟೆ ಒಗೆಯುವ ಕೆಲಸ ಹಿಡಿದೆ. ಒಂದು ಭಾನುವಾರ ಬಾಯಿಬಡಕಿ ಹುಡುಕಿಕೊಂಡು ಬಂದಳು. ಒಳಗೆ ಬಂದು ಕೂರುವ ಮೊದಲೇ ಹೇಳಿದಳು.

"ನಿನ್ನ ತಂಗೀನ ಹಜಾರದಲ್ಲಿ ಹಾಕಿದಾರೆ ಕಣೆ. ಇಷ್ಟೆತ್ತರ. ಬಾಗಿಲು ದಾಟಿದ ತಕ್ಷಣ ಎದುರಿಗೆ ಅವಳೇ. ನಾವೆಲ್ಲ ಒಬ್ಬೊಬ್ಬರಾಗಿ ಹೋಗಿ ನೋಡಿ ಬಂದ್ವಿ. ಮೇಸ್ತ್ರಿ ಬೈದ. ಮಾತೋಶ್ರೀಯವರಿಗೆ ಕೈ ಮುಗಿಯೋಕೆ ಬಂದ್ವಿ ಅಂದೆ. ಏನು ಮಾಡ್ತಾನೆ?"

ಅಷ್ಟು ದಿನ ಚಿತ್ರಗಾರನನ್ನು ಶಪಿಸಿದ್ದೆ. ಅವನು ನಿಜ ಹೇಳಿದ್ದರೆ ಆ ದೊಡ್ಡ ಚಿತ್ರವನ್ನೂ ಅಂದೇ ಸುಡುತ್ತಿದ್ದರು ಎಂದು ಆಗ ಹೊಳೆಯಿತು. ಅವನ ಹೇಡಿತನದಿಂದ ಅವಳು ಉಳಿದಳು. ಅದಕ್ಕೆ ನಾನು ಅವನಿಗೆ ಕೈ ಮುಗಿಯುವುದಿಲ್ಲ. ಆದರೆ ಉಳಿದದ್ದು ನನ್ನದು.

ಸಂಜೆ ರೋಗಿಗಳನ್ನು ನೋಡಲು ಬರುವವರನ್ನು ಒಳಗೆ ಬಿಡುವ ಹೊತ್ತು. ಕೂಸಿಗೆ ತಲೆ ಬಾಚಿ, ಕೈ ಹಿಡಿದುಕೊಂಡು ಜನರ ಮಧ್ಯೆ ಒಳಗೆ ಹೋದೆ. ಹಜಾರದಲ್ಲಿ ಬೆಂಚುಗಳ ಮೇಲೆ, ನೆಲದ ಮೇಲೆ, ಚೀಟಿ ಹಿಡಿದು ಜನ ಕಾಯುತ್ತಿದ್ದರು. ಎದುರಿನ ಗೋಡೆಯಲ್ಲಿ ಅವಳು. ಬೆಳ್ಳಿ ಕೂದಲು, ಹಸಿರು ಶಾಲು, ಮಡಿಲಲ್ಲಿ ಯಾರದೋ ನುಣುಪಾದ ಕೈ. ಮುಖ ಮಾತ್ರ ಅವಳದು. ಕೆಳಗೆ ಹಿತ್ತಾಳೆಯ ತಗಡಿನ ಮೇಲೆ ಬೇರೆಯವರ ಹೆಸರು.

"ನೋಡು," ಎಂದೆ. "ನಿನ್ನಮ್ಮ."

ಕೂಸು ತಲೆ ಎತ್ತಿ ನೋಡಿದಳು. ಬಾಯಿ ಸ್ವಲ್ಪ ತೆರೆದಿತ್ತು. ಬಹಳ ಹೊತ್ತು ನೋಡಿದಳು. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದ ಮುದುಕನೊಬ್ಬ ಚಿತ್ರ ನೋಡಿದ, ಹುಡುಗಿಯನ್ನು ನೋಡಿದ, ನಕ್ಕ.

"ನಿಮ್ಮಜ್ಜೀನಾ ಮಗು? ನಿನ್ನ ಹಾಗೇ ಇದಾರಲ್ಲ."

"ಅಜ್ಜಿ ಅಲ್ಲ. ನಮ್ಮಮ್ಮ," ಅಂದಳು ಕೂಸು.

"ಇಷ್ಟು ವಯಸ್ಸಾದೋರು ಅಮ್ಮ ಹೇಗಾಗ್ತಾರೆ?"

ನಾನು ಮುದುಕನ ಕಡೆ ತಿರುಗಿದೆ. ಮುದುಕನಿಗೆ ಎಂದು ಶುರುಮಾಡಿದೆ. ದನಿ ತಾನಾಗಿ ದೊಡ್ಡದಾಯಿತು. ಈ ಕಟ್ಟಡದ ಕೆಳಗೆ ಒಂದು ನೆಲಮಾಳಿಗೆ ಇದೆ, ನೀವು ಮಲಗೋ ಮಂಚದ ಬಟ್ಟೆ ಅಲ್ಲಿ ಒಗೀತಾರೆ ಎಂದೆ. ಇವಳು ಅಲ್ಲಿ ಇಸ್ತ್ರಿ ಮಾಡ್ತಿದ್ಲು ಎಂದೆ. ಕೊಳವೆ ಒಡೆದದ್ದು, ಬೆಂದವಳನ್ನು ಇಲ್ಲಿನ ಬಾಗಿಲಿಗೆ ಹೊತ್ತು ತಂದದ್ದು ಹೇಳಿದೆ. ಬೆಂಚಿನವರು ತಿರುಗಿದರು. ನೆಲದ ಮೇಲಿದ್ದವರು ಹತ್ತಿರ ಸರಿದರು. ಬಾಗಿಲಿನಿಂದ ಕಾವಲುಗಾರ ಓಡಿಬಂದು ನನ್ನ ತೋಳು ಹಿಡಿದ.

"ಏಯ್, ಸಾಕು ಮಾಡು. ಹೊರಗೆ ನಡಿ."

"ಬಿಡಯ್ಯಾ ಅವಳನ್ನ," ಅಂದ ಮುದುಕ. ಬ್ಯಾಂಡೇಜಿನ ಕಾಲನ್ನು ಎರಡು ಕೈಯಲ್ಲಿ ಎತ್ತಿ ಬದಿಗೆ ಸರಿಸಿ, ಬೆಂಚಿನ ಮೇಲೆ ನಮಗೆ ಜಾಗ ಮಾಡಿದ. "ಕೂತ್ಕೋ ತಾಯಿ. ಸುಟ್ಟೋದ್ಲು ಅಂದೆಯಲ್ಲ. ಆಮೇಲೆ ಈ ಬಾಗಿಲಿಗೆ ತಂದ್ರಿ. ಆಮೇಲೆ?"

ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡೆ. ಆಮೇಲಿನದನ್ನು ಹೇಳಿದೆ.